ಅಮ್ಮನ ಕೋಣೆಗೆ ಕಟ್ಟಿದ ಗಾಳಿ ಸೋಸುವ ಪೆಟ್ಟಿಗೆ: ಐದಕ್ಕೆ ನಾಲ್ಕು

2025ರ ಜನವರಿ 7ರ ಸಂಜೆ ಅಮೆರಿಕದ ಲಾಸ್ ಏಂಜಲೀಸ್ ಬಳಿ ಈಟನ್ ಕಾಳ್ಗಿಚ್ಚು ಹತ್ತಿದಾಗ ಅಮ್ಮ ಪಸಾಡಿನಾದ ದಕ್ಷಿಣಕ್ಕಿರುವ ನಮ್ಮ ಮನೆಗೆ ಬಂದಿದ್ದರು. ಅವರಿಗೆ ಸಿಒಪಿಡಿ, ಉಸಿರಿನ ಹಾದಿ ಕಿರಿದಾಗುವ, ವಾಸಿಯಾಗದ ಶ್ವಾಸಕೋಶದ ಕಾಯಿಲೆ. ಬೀಡಿ-ಸಿಗರೇಟು ಮುಟ್ಟಿದವರಲ್ಲ, ತೀರ್ಥಹಳ್ಳಿ ಕಡೆಯ ಮನೆಯಲ್ಲಿ ಸೌದೆ ಒಲೆ, ಬಚ್ಚಲೊಲೆ, ಅಡಿಕೆ ಬೇಯಿಸುವ ಒಲೆ ಉರಿಸಿ ಉರಿಸಿ ಶ್ವಾಸಕೋಶ ಸೋತಿದೆ. ಇಲ್ಲಿ ಉರಿದದ್ದು ಬರೀ ಮರವೂ ಅಲ್ಲ, ಪಸಾಡಿನಾಕ್ಕೆ ತಾಗಿದ ಆಲ್ಟಡೀನಾ ಊರಿನ ಸಾವಿರಾರು ಮನೆಗಳು. ಹಳೇ ಬಣ್ಣದ ಸೀಸ, ಕಲ್ನಾರು, ಪ್ಲಾಸ್ಟಿಕ್ಕು ಎಲ್ಲ ಆ ಹೊಗೆ-ಬೂದಿಯಲ್ಲಿ.

ಅಂಗಡಿಗಳಲ್ಲಿ ಏರ್ ಪ್ಯೂರಿಫೈಯರ್ ಸಿಗಲಿಲ್ಲ. ಹಾಗಾಗಿ ಕಾರ್ಸಿ-ರೋಸೆಂಥಾಲ್ ಪೆಟ್ಟಿಗೆ ಕಟ್ಟಿದೆವು. ಕೋವಿಡ್ ಕಾಲದಲ್ಲಿ, 2020ರಲ್ಲಿ, ರಿಚರ್ಡ್ ಕಾರ್ಸಿ ಮತ್ತು ಜಿಮ್ ರೋಸೆಂಥಾಲ್ ರೂಪಿಸಿದ್ದು. 20 ಇಂಚಿನ ಬಾಕ್ಸ್ ಫ್ಯಾನ್, ಅದೇ ಅಳತೆಯ ನಾಲ್ಕು ಮರ್ವ್-13 ಫಿಲ್ಟರ್ (ಸಣ್ಣ ಹೊಗೆ ಕಣವನ್ನೂ ಹಿಡಿಯುವ ದರ್ಜೆಯದು), ರಟ್ಟು, ಡಕ್ಟ್ ಟೇಪ್. ನಾಲ್ಕು ಫಿಲ್ಟರೇ ನಾಲ್ಕು ಗೋಡೆ, ಅಂಚಿನ ಬಾಣದ ಗುರುತು ಒಳಮುಖ, ತಳಕ್ಕೆ ರಟ್ಟು, ನೆತ್ತಿಯ ಮೇಲೆ ಗಾಳಿ ಮೇಲಕ್ಕೆ ಊದುವಂತೆ ಫ್ಯಾನ್. ಸಂದುಗಳಿಗೆ ಟೇಪು ಬಿಗಿಯಾಗಿರಲಿ, ಸೋರಿದರೆ ಅಷ್ಟೂ ಹೊಗೆ ಸೋಸದೇ ಒಳಗೆ.

ಕಿಟಕಿ ಮುಚ್ಚಿದ ಒಂದೇ ಕೋಣೆಯಲ್ಲಿ ಓಡಿಸಿದೆವು. ಸಣ್ಣ ಮೀಟರಿನಲ್ಲಿ ಪಿಎಂ2.5, ಅಂದರೆ ಗಾಳಿಯಲ್ಲಿನ ಅತಿ ಸಣ್ಣ ಕಣಗಳ ಅಂಕಿ ಹಜಾರಕ್ಕಿಂತ ಅಲ್ಲಿ ಬಹಳ ಕೆಳಗಿಳಿಯಿತು. ನನಗೆ ಅದಕ್ಕಿಂತ ದೊಡ್ಡ ಪುರಾವೆ ಅಮ್ಮನ ಮಾತು: "ಇಲ್ಲಿ ಕೂತ್ರೆ ಎದೆ ಹಗುರ ಮಾರಾಯ್ತಿ." ಮಾತಿನ ಮಧ್ಯೆ ಉಸಿರಿಗಾಗಿ ನಿಲ್ಲುವುದು ಕಡಿಮೆಯಾಗಿತ್ತು.

ಒಂದು ಅಂಕ ಕಳೆದದ್ದಕ್ಕೆ ಕಾರಣವಿದೆ. ಸದ್ದು ಜೋರು. ಕಣ ಹಿಡಿಯುತ್ತದೆ, ಅನಿಲ ಹಿಡಿಯುವುದಿಲ್ಲ. ಸುಟ್ಟ ವಾಸನೆ ಹಾಗೇ ಉಳಿಯಿತು, ಅದಕ್ಕೆ ಇದ್ದಿಲಿನ ಫಿಲ್ಟರೇ ಬೇಕು.

ಅಂಗಳದ ಬೂದಿಗಂತೂ ಯಾವ ಪೆಟ್ಟಿಗೆಯೂ ಸಾಲದು. ಉದುರುವ ಬೂದಿಯ ಕಣ ದೊಡ್ಡದು, ಎಕ್ಯೂಐ ಎಂಬ ಗಾಳಿಯ ಗುಣಮಟ್ಟದ ಸೂಚ್ಯಂಕದ ಲೆಕ್ಕಕ್ಕೆ ಬರುವುದಿಲ್ಲ. ಮೊಬೈಲಿನಲ್ಲಿ ಗಾಳಿ ಚೆನ್ನಾಗಿದೆಯೆಂಬ ಹಸಿರು ಕಂಡರೂ ಗಾಳಿ ಬೀಸಿದರೆ ಬೂದಿ ಮತ್ತೆ ಏಳುತ್ತದೆ. ಬೆಳಗಾದರೆ ಅಂಗಳ ಗುಡಿಸಲು ಹೊರಡುವ ಅಮ್ಮನನ್ನು ತಡೆಯುವುದೇ ಕಷ್ಟವಾಯಿತು. ಒಣ ಪೊರಕೆ ಬೇಡವೇ ಬೇಡ. ನೀರು ಚಿಮುಕಿಸಿ, ಎನ್95 ಹಾಕಿಕೊಂಡು, ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಅದೂ ಶ್ವಾಸಕೋಶ ಗಟ್ಟಿ ಇರುವವರು. ಕಾಯಿಲೆಯವರಿಗೆ ಆ ಮಾಸ್ಕಿನಲ್ಲಿ ಉಸಿರೆಳೆಯುವುದೇ ತ್ರಾಸ, ವೈದ್ಯರನ್ನು ಕೇಳಿಯೇ ಹಾಕಿಸಿ.

ಪೆಟ್ಟಿಗೆಗೆ ಅಟ್ಟದ ಹಳೇ ಫ್ಯಾನ್ ಬಳಸಬೇಡಿ, ಬಿಸಿಯೇರಿ ಬೆಂಕಿ ಹತ್ತುವ ಭಯ; 2012ರಲ್ಲಿ ಅಥವಾ ಆಮೇಲೆ ತಯಾರಾದದ್ದೇ ಇರಲಿ. ಎಲ್ಲರೂ ಮಲಗಿದಾಗ, ಮನೆಯಲ್ಲಿ ಯಾರೂ ಇಲ್ಲದಾಗ ಆರಿಸಿಬಿಡಿ.