ಮಗಳ ರೂಮ್ ಮಾಡ್ಸಿದ್ವಿ: ಮೇಸ್ತ್ರಿಗೆ ಐದು ಸ್ಟಾರ್, ಅಂಗಡಿಗೆ ಮೂರೇ

ತುಮಕೂರಲ್ಲಿ ಮಕ್ಕಳ ರೂಮ್ ಮಾಡ್ಸೋಣ ಅಂತಿರೋರು ಇದನ್ನೊಂದ್ಸಲ ಓದ್ಕೊಳ್ಳಿ. ಇಂಟೀರಿಯರ್ ಅಂಗಡಿ ಹೆಸ್ರು ಮಾತ್ರ ಕೇಳ್ಬೇಡಿ, ಅವ್ರ ಹತ್ರ ನಮ್ದಿನ್ನೂ ಒಂದು ಕೆಲ್ಸ ಬಾಕಿ ಇದೆ. ಬೆಂಗಳೂರಿನೋರಿಗೆ ಕೊಟ್ರೆ ಒಂದು ಸ್ಕ್ರೂ ಸಡಿಲ ಆದ್ರೂ 70 ಕಿ.ಮೀ. ದೂರದಿಂದ ಬರ್ಬೇಕು, ಯಾರು ಕಾಯ್ತಾರೆ ಅಂತ ಊರಲ್ಲೇ ಒಬ್ರನ್ನ ಹಿಡಿದ್ವಿ.

ಮನೆ ಬಟವಾಡಿ ಕಡೆ. ರೂಮು 10ಕ್ಕೆ 11 ಅಡಿ, ಒಂದೇ ಕಿಟಕಿ, ಒಂದು ಗೋಡೆಯ ಆಚೆ ಬಾತ್‌ರೂಮು (ಈ ಗೋಡೆ ವಿಷ್ಯ ಆಮೇಲೆ ಬರುತ್ತೆ). ಮಗಳಿಗೆ ಐದೂವರೆ ವರ್ಷ. ಅಂಗಡಿಲಿ ಕಂಪ್ಯೂಟರಲ್ಲಿ ತ್ರೀಡಿ ಡಿಸೈನ್ ತೋರ್ಸಿದ್ರು ನೋಡಿ, ಗುಲಾಬಿ ಬಣ್ಣದ ಅರಮನೆ, ಮೋಡದ ಥರ ಫಾಲ್ಸ್ ಸೀಲಿಂಗು, ಮೆಟ್ಟಿಲು ಇರೋ ಎರಡಂತಸ್ತಿನ ಮಂಚ. ನಮ್ಮನೆಯವ್ರು ಬಿದ್ದೇ ಹೋದ್ರು. ನಂಗೆ ಆ ಮಂಚ ನೋಡಿನೇ ಎದೆ ಡವಡವ. ಆರು ವರ್ಷದೊಳಗಿನ ಮಕ್ಕಳನ್ನ ಮೇಲಿನ ಮಂಚದಲ್ಲಿ ಮಲಗಿಸ್ಬಾರ್ದು ಅಂತ ಓದಿದ್ದೆ, ಹೇಳಿದ್ರೆ ಆ ಡಿಸೈನ್ ಹುಡುಗ "ಏನಾಗಲ್ಲ ಮೇಡಂ, ಎಲ್ರೂ ಇದೇ ಹಾಕ್ಸೋದು" ಅಂದ. ನಾನು ಕೇಳ್ಲಿಲ್ಲ. ಕೊನೆಗೆ ನೆಲಕ್ಕೆ ಹತ್ರ ಇರೋ ಮಂಚ, ಕೆಳಗೆ ಎರಡು ಡ್ರಾ, ಒಂದು ಬೀರು, ಒಂದು ಸ್ಟಡಿ ಟೇಬಲ್ ಅಷ್ಟಕ್ಕೇ ನಿಲ್ಸಿದ್ವಿ. ಸೀಲಿಂಗ್ ಮೋಡನೂ ಕ್ಯಾನ್ಸಲ್, ಅದ್ರ ಮೇಲೆ ಕೂರೋ ಧೂಳು ಒರ್ಸೋಳು ನಾನಲ್ವಾ. ಒಟ್ಟು 1 ಲಕ್ಷದ 40 ಸಾವ್ರ, ಅರ್ಧ ಅಡ್ವಾನ್ಸು.

ಇನ್ನು ಪ್ಲೈವುಡ್ ಕಥೆ. ಕೊಟೇಶನ್ನಲ್ಲಿ ಬರ್ದಿದ್ದು 18 ಎಂಎಂ ಮೆರೈನ್ ಪ್ಲೈ, ಅಂದ್ರೆ ನೀರು ತಡ್ಕೊಳ್ಳೋ ಪ್ಲೈವುಡ್. ಗಾಡಿಲಿ ಶೀಟ್ ಇಳ್ಸೋವಾಗ ಸುಮ್ನೆ ಹೋಗಿ ಸೀಲ್ ನೋಡ್ದೆ, ಐಎಸ್ (ಭಾರತೀಯ ಗುಣಮಟ್ಟದ ನಂಬರು) 303 ಅಂತಿದೆ. ಮೆರೈನ್ ಆದ್ರೆ 710 ಅಂತಿರ್ಬೇಕು, 303 ಅಂದ್ರೆ ಮಾಮೂಲಿ ಪ್ಲೈ, ರೇಟಲ್ಲೂ ವ್ಯತ್ಯಾಸ ಇದೆ. ಕೇಳಿದ್ಕೆ "ಗೋಡೌನಲ್ಲಿ ಮಿಕ್ಸ್ ಆಗಿದೆ ಮೇಡಂ" ಅಂದ್ರು. ಇರ್ಬೋದಪ್ಪಾ. ಜಗಳ ಇಲ್ದೆ ಮಾರನೇ ದಿನ ಬದಲಾಯ್ಸಿ ಕೊಟ್ರು, ಅದನ್ನ ಒಪ್ಕೋಬೇಕು. ಆದ್ರೆ ಮೈಕಾ ಅಂಟಿಸ್ಬಿಟ್ಟಿದ್ರೆ ಆ ಸೀಲ್ ಯಾರಿಗೆ ಕಾಣ್ತಿತ್ತು ಹೇಳಿ?

ಮರಗೆಲ್ಸದ ಮೇಸ್ತ್ರಿ ಮಾತ್ರ ಚಿನ್ನದಂಥ ಮನುಷ್ಯ, ಗುಬ್ಬಿ ಕಡೆಯೋರು. ಡ್ರಾಯಿಂಗಲ್ಲಿ ಬೀರುವಿನ ಬಟ್ಟೆ ರಾಡು ನನ್ನ ತಲೆಗಿಂತ ಮೇಲಿತ್ತು. ಅವ್ರು ಕೆಲ್ಸ ನಿಲ್ಸಿ ನಮ್ಮ ಮಗಳನ್ನ ಕರ್ದು ಬಾಗಿಲಿಗೆ ಒರಗಿಸಿ ನಿಲ್ಸಿ, ಕೈ ಮೇಲೆತ್ಸಿ, ಪೆನ್ಸಿಲಲ್ಲಿ ಗುರುತು ಹಾಕ್ಕೊಂಡು "ಅಕ್ಕಾ, ಪಾಪ ಯೂನಿಫಾರಂಗೆ ದಿನಾ ಬೆಳಿಗ್ಗೆ ನಿಮ್ಮನ್ನೇ ಕೂಗ್ಬೇಕಾ? ಕೆಳಗೊಂದು ರಾಡ್ ಹಾಕ್ತೀನಿ, ದೊಡ್ಡೋಳಾದ್ಮೇಲೆ ಬಿಚ್ಚಿ ಮೇಲಕ್ಕೆ ಹಾಕ್ಕೊಳಿ" ಅಂದ್ರು. ಈಗ ಅವ್ಳೇ ಬಟ್ಟೆ ತಗೋತಾಳೆ, ಮಡಚಿ ಇಡಲ್ಲ ಅದು ಬೇರೆ ಮಾತು. ಟೇಬಲ್ ಮೂಲೆಗಳನ್ನೆಲ್ಲ ಗುಂಡಗೆ ಉಜ್ಜಿ ಕೊಟ್ರು, ಬೀರು ಮಗು ಹಿಡ್ಕೊಂಡು ಹತ್ತಿದ್ರೂ ಮುಂದಕ್ಕೆ ಮಗುಚ್ಬಾರ್ದು ಅಂತ ಗೋಡೆಗೆ ಕ್ಲಾಂಪ್ ಹೊಡೆದ್ರು. ಇದ್ಯಾವ್ದೂ ತ್ರೀಡಿಲಿ ಇರ್ಲಿಲ್ಲ.

ಕೆಲ್ಸ ಮುಗಿದ್ಮೇಲೆ ಅಂಟು, ಪೇಂಟ್ ವಾಸ್ನೆಗೆ ಕಣ್ಣು ಉರೀತಿತ್ತು. ಹದಿನೈದು ದಿನ ಬೀರು ಬಾಗಿಲು, ಕಿಟಕಿ ಎಲ್ಲಾ ತೆಗ್ದಿಟ್ಟು ಅವ್ಳನ್ನ ನಮ್ ಜೊತೆನೇ ಮಲಗಿಸ್ಕೊಂಡ್ವಿ. ಗೃಹಪ್ರವೇಶದ ಥರ ಅವತ್ತೇ ಮಲಗಿಸ್ಬೇಕು ಅಂತ ನಮ್ಮತ್ತೆ ಹಟ, ಬಂದು ಒಂದ್ಸಲ ಮೂಸಿ ನೋಡಿ ಸುಮ್ನಾದ್ರು.

ಬಾತ್‌ರೂಮ್ ಗೋಡೆಗೆ ಆನೆ, ಜಿರಾಫೆ ಇರೋ ವಾಲ್‌ಪೇಪರ್ ಹಾಕ್ಸಿದ್ದು ನಮ್ಮದೇ ತಪ್ಪು ಅನ್ನಿ, ಆದ್ರೂ ದಿನಾ ಗೋಡೆ ನೋಡೋ ಕಸುಬಿನೋರು "ತೇವ ಇದೆ, ಬೇಡ" ಅಂತ ಒಂದ್ ಮಾತು ಹೇಳ್ಬೋದಿತ್ತಲ್ವಾ? ಮಳೆಗಾಲ ಶುರುವಾಗಿ ತಿಂಗ್ಳಿಗೆ ಜಿರಾಫೆ ಕತ್ತು ಕಿತ್ಕೊಂಡು ಬಂತು. ಕಿತ್ತು ಬಿಸಾಕಿ, ಗೋಡೆ ಒಣಗ್ಸಿ, ಒರೆಸೋಕಾಗೋ ಪೇಂಟ್ ಹೊಡ್ಸಿದ್ವಿ. ಅದ್ರ ಮೇಲೆ ಈಗ ಕ್ರೇಯಾನ್ ಚಿತ್ರಪ್ರದರ್ಶನ ನಡೀತಿದೆ.

ಇಷ್ಟೆಲ್ಲಾ ಮಾಡ್ಸಿದ್ರಲ್ಲಿ ಮಗಳಿಗೆ ಯಾವ್ದು ಇಷ್ಟ ಗೊತ್ತಾ, 120 ರೂಪಾಯಿಗೆ ತಂದ ಕತ್ತಲಲ್ಲಿ ಹೊಳೆಯೋ ನಕ್ಷತ್ರದ ಸ್ಟಿಕ್ಕರು. ಆಮೇಲೆ ಟೇಬಲ್ ಕೆಳಗಿನ ಜಾಗ, ಅಲ್ಲಿ ನನ್ನ ಹಳೇ ದುಪಟ್ಟಾ ಕಟ್ಕೊಂಡು ಚನ್ನಪಟ್ಟಣದ ಬೊಂಬೆಗಳಿಗೆ ಅಡುಗೆ ಮಾಡ್ತಾಳೆ.

ಬಾಕಿ ಕೆಲ್ಸ ಅಂದ್ನಲ್ಲ, ಮಂಚದ ಕೆಳಗಿನ ಎಡಗಡೆ ಡ್ರಾದ ಚಾನೆಲ್ (ಡ್ರಾ ಜಾರೋ ಪಟ್ಟಿ) ಕಚ್ಕೊಳ್ಳುತ್ತೆ. ಫೋನ್ ಮಾಡಿದಾಗೆಲ್ಲ "ಭಾನುವಾರ ಕಳಿಸ್ತೀವಿ ಮೇಡಂ". ಆರು ಭಾನುವಾರ ಆಯ್ತು. ಮೇಸ್ತ್ರಿ ನಂಬರ್ ಮೊದ್ಲೇ ಇಸ್ಕೊಂಡಿದ್ದಿದ್ರೆ ಅಂಗಡಿಗೆ ಫೋನ್ ಮಾಡೋ ಕೆಲ್ಸನೇ ಇರ್ತಿರ್ಲಿಲ್ಲ.