ಟ್ಯಾಗ್ ಮ್ಯಾನೇಜರ್ ಬೇಕೇ, ನೇರ ಕೋಡ್ ಸಾಕೇ?

ಬ್ಯಾಡಗಿ ಮೆಣಸಿನಕಾಯಿಯನ್ನು ಜಾಲತಾಣದ ಮೂಲಕ ಮಾರುವ ಹಾವೇರಿಯ ವರ್ತಕರೊಬ್ಬರು, ಗ್ರಾಹಕರ ಓಡಾಟವನ್ನು ಅಳೆಯಲು ಗೂಗಲ್ ಟ್ಯಾಗ್ ಮ್ಯಾನೇಜರ್, ಮಟೊಮೊ ಟ್ಯಾಗ್ ಮ್ಯಾನೇಜರ್ ಮತ್ತು ಪುಟದಲ್ಲೇ ನೇರವಾಗಿ ಸೇರಿಸುವ ಕೋಡ್ ಇವುಗಳಲ್ಲಿ ಯಾವುದನ್ನು ಆರಿಸಬೇಕೆಂದು ಕೇಳಿದ್ದಾರೆ. ಟ್ಯಾಗ್ ಎಂದರೆ ಭೇಟಿ, ಕ್ಲಿಕ್‌ಗಳಂಥವನ್ನು ದಾಖಲಿಸುವ ಪುಟ್ಟ ಕೋಡ್; ಇಂಥವನ್ನು ಒಂದೇ ಕಡೆಯಿಂದ ಸೇರಿಸಿ ನಿಭಾಯಿಸುವ ಸಾಧನವೇ ಟ್ಯಾಗ್ ಮ್ಯಾನೇಜರ್.

ಖರ್ಚಿನ ಮಾತು ಚಿಕ್ಕದು. 2012ರಲ್ಲಿ ಬಂದ ಗೂಗಲ್‌ನ ಸಾಧನ ಉಚಿತವಾಗಿದೆ; ಸ್ವಂತ ಸರ್ವರ್‌ನಲ್ಲಿ ಅಳವಡಿಸಿಕೊಂಡರೆ ಮಟೊಮೊ ಕೂಡ ಉಚಿತವೇ, ಆದರೆ ಸರ್ವರ್‌ನ ಬಾಡಿಗೆ ಮತ್ತು ನಿರ್ವಹಣೆ ನಿಮ್ಮ ಪಾಲಿಗೆ ಬರುತ್ತವೆ.

ನಿಜವಾದ ವ್ಯತ್ಯಾಸವಿರುವುದು ಬಳಕೆಯಲ್ಲಿ. ಗೂಗಲ್‌ನ ಎರಡು ಕೋಡ್ ತುಣುಕುಗಳನ್ನು, ಒಂದನ್ನು ಪುಟದ ಕೋಡ್‌ನ ತಲೆಭಾಗವಾದ ಹೆಡ್‌ನಲ್ಲೂ ಇನ್ನೊಂದನ್ನು ಅದರ ಮುಖ್ಯ ಭಾಗವಾದ ಬಾಡಿ ಆರಂಭವಾದ ಕೂಡಲೇ, ಒಮ್ಮೆ ಸೇರಿಸಿದರೆ, ವಾಟ್ಸಾಪ್ ಗುಂಡಿಯನ್ನು ಎಷ್ಟು ಜನ ಒತ್ತಿದರು ಎಂಬಂಥ ಅಳತೆಗಳನ್ನು ಜಾಲತಾಣದ ಕೋಡ್ ಮುಟ್ಟದೆಯೇ ಸೇರಿಸಬಹುದು. ಪ್ರಕಟಿಸುವ ಮೊದಲು ಪ್ರಿವ್ಯೂನಲ್ಲಿ ಪರೀಕ್ಷಿಸಬಹುದು, ತಪ್ಪಾದರೆ ಹಿಂದಿನ ಆವೃತ್ತಿಗೆ ಮರಳಬಹುದು. ಈ ಸಲೀಸುತನವೇ ಅಪಾಯವೂ ಹೌದು: ಕಂಡಕಂಡವರಿಗೆ ಅನುಮತಿ ಕೊಟ್ಟರೆ ಬೇಡದ ಟ್ಯಾಗ್‌ಗಳು ತುಂಬಿ ಪುಟ ನಿಧಾನವಾಗುತ್ತದೆ. ನೇರ ಕೋಡ್ ಹಗುರ. ಆದರೆ ಪ್ರತಿ ಬದಲಾವಣೆಗೂ ಹುಬ್ಬಳ್ಳಿಯ ಡೆವಲಪರ್‌ಗೆ ಫೋನ್ ಮಾಡಬೇಕಾದೀತು.

ಭೇಟಿಗಳ ಎಣಿಕೆಯಷ್ಟೇ ಸಾಕೆನ್ನುವವರಿಗೆ ನೇರ ಕೋಡ್, ಆಗಾಗ ಜಾಹೀರಾತು ಬದಲಿಸುವವರಿಗೆ ಗೂಗಲ್, ದತ್ತಾಂಶ ತಮ್ಮ ಸರ್ವರ್‌ನಲ್ಲೇ ಇರಬೇಕೆಂದು ಬಯಸುವ ಮತ್ತು ಅದನ್ನು ನೋಡಿಕೊಳ್ಳಲು ಜನರಿರುವ ಸಂಸ್ಥೆಗಳಿಗೆ ಮಟೊಮೊ ಒಗ್ಗುತ್ತದೆ. ಯಾವುದನ್ನು ಆರಿಸಿದರೂ ಗ್ರಾಹಕರ ಒಪ್ಪಿಗೆ ಕೇಳುವ ವ್ಯವಸ್ಥೆಯನ್ನು ಮೊದಲೇ ಮಾಡಿಕೊಳ್ಳಿ.