ಐಸು-ಫ್ಯಾನಿನ ಪೆಟ್ಟಿಗೆ: ಕಾರವಾರದ ಸೆಕೆಯಲ್ಲಿ ಮೂರು ಬೇಸಿಗೆ ಬಳಸಿದ ಮೇಲೆ

ನಮ್ಮದು ಕಾರವಾರದ ಕೋಡಿಬಾಗದಲ್ಲಿ ಬಾಡಿಗೆ ಮನೆ. ಮೊದಲ ಮಹಡಿ, ತಲೆ ಮೇಲೆ ಬರೀ ಸ್ಲ್ಯಾಬು. ಏಪ್ರಿಲ್ ಬಂತೆಂದರೆ ಹಗಲೆಲ್ಲ ಕಾದ ಆ ಸ್ಲ್ಯಾಬು ರಾತ್ರಿ ಹನ್ನೊಂದಾದರೂ ಆರುವುದಿಲ್ಲ. ಫ್ಯಾನ್ ಹಾಕಿದರೆ ಮೇಲಿನ ಬಿಸಿಯೇ ಕೆಳಗೆ ಬರುತ್ತದೆ. ಸಂಜೆ ಸಮುದ್ರದ ಗಾಳಿ ನಿಂತ ಮೇಲಂತೂ ಕಿಟಕಿಯ ಪರದೆ ಕೂಡ ಅಲ್ಲಾಡುವುದಿಲ್ಲ. ವೈರಿಂಗ್ ಹಳೆಯದು, ಎಸಿ ಹಾಕಿದರೆ ತಡೆಯುವುದಿಲ್ಲ ಎಂದು ನೋಡಿದವರು ಹೇಳಿಬಿಟ್ಟರು.

ಮನೆಯಲ್ಲಿ ವಯಸ್ಸಾದ ಅತ್ತೆ ಇದ್ದಾರೆ. 2023ರ ಬೇಸಿಗೆಯಲ್ಲಿ ಅವರ ಕುತ್ತಿಗೆ, ಬೆನ್ನಿನ ತುಂಬ ಬೆವರುಸಾಲೆ ಎದ್ದಿತ್ತು. ರಾತ್ರಿ ಎದ್ದು ನೋಡಿದರೆ ಮಂಚದ ಮೇಲೆ ಕೂತು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. ಅವರಿಗಾಗಿಯೇ ನಾನು ಈ ಪೆಟ್ಟಿಗೆ ಮಾಡಿದ್ದು. ಮೂರು ಬೇಸಿಗೆ ಬಳಸಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ: ಇದು ಕೋಣೆಯನ್ನು ತಂಪು ಮಾಡುವುದಿಲ್ಲ. ಮೂರಡಿ ದೂರದಲ್ಲಿ ಮಲಗಿದ ಒಬ್ಬರನ್ನು ಎರಡು ಎರಡೂವರೆ ತಾಸು ತಂಪಾಗಿ ಇಡುತ್ತದೆ. ನಮಗೆ ಬೇಕಾಗಿದ್ದೂ ಅಷ್ಟೇ.

ಮಾಡುವುದು ಕಷ್ಟವಿಲ್ಲ. ಮುಚ್ಚಳ ಇರುವ ದೊಡ್ಡ ಥರ್ಮೋಕೋಲ್ ಪೆಟ್ಟಿಗೆ. ಮುಚ್ಚಳದ ಒಂದು ತುದಿಯಲ್ಲಿ ಗಾಳಿಯನ್ನು ಒಳಗೆ ತಳ್ಳುವ ಫ್ಯಾನು, ಇನ್ನೊಂದು ತುದಿಯಲ್ಲಿ ಎರಡು ತೂತು. ಆ ತೂತುಗಳಿಗೆ 3 ಇಂಚಿನ ಪಿವಿಸಿ ಎಲ್ಬೋ, ಅಂದರೆ ಮೊಣಕೈಯಂತೆ ಬಾಗಿದ ಪೈಪಿನ ತುಂಡು. ಒಳಗೆ ಐಸು. ಫ್ಯಾನು ಮತ್ತು ಎಲ್ಬೋ ಅಕ್ಕಪಕ್ಕ ಇರಬಾರದು. ಗಾಳಿ ಐಸಿನ ಮೇಲೆ ಉದ್ದಕ್ಕೂ ಹಾದು ಬರಬೇಕು, ಇಲ್ಲದಿದ್ದರೆ ಒಳಗೆ ಹೋದ ಗಾಳಿ ಹಾಗೇ ಹೊರಗೆ ಬರುತ್ತದೆ.

ಮೊದಲ ವರ್ಷ ಎರಡು ತಪ್ಪು ಮಾಡಿದೆ. ಒಂದು, ಮೀನು ಕಳಿಸುವ ಹಳೆಯ ಪೆಟ್ಟಿಗೆ ತಂದೆ. ನಮ್ಮೂರಲ್ಲಿ ಅದು ಸುಲಭವಾಗಿ ಸಿಗುತ್ತದೆ. ಸೋಪು ಹಾಕಿ ತಿಕ್ಕಿದೆ, ಲಿಂಬೆ ಉಜ್ಜಿದೆ, ಮೂರು ದಿನ ಬಿಸಿಲಿಗಿಟ್ಟೆ. ಫ್ಯಾನ್ ಹಾಕಿದ ಕೂಡಲೇ ಕೋಣೆಯೆಲ್ಲ ಬಾಂಗಡೆ ವಾಸನೆ. ಥರ್ಮೋಕೋಲಿನ ಸಂದಿಯಲ್ಲಿ ಕೂತ ವಾಸನೆ ಹೋಗುವುದಿಲ್ಲ. ಹೊಸ ಪೆಟ್ಟಿಗೆಯನ್ನೇ ತನ್ನಿ.

ಇನ್ನೊಂದು ತಪ್ಪು ದೊಡ್ಡದು. ಮನೆಯಲ್ಲಿದ್ದ ಟೇಬಲ್ ಫ್ಯಾನನ್ನೇ ಮುಚ್ಚಳದ ಮೇಲೆ ಬೋರಲು ಮಲಗಿಸಿದ್ದೆ. ನಾಲ್ಕನೇ ರಾತ್ರಿ ಅದರ ಭಾರಕ್ಕೆ ಮುಚ್ಚಳ ಬಾಗಿತು. ಪೆಟ್ಟಿಗೆಯ ಹೊರಮೈಯಲ್ಲಿ ಬೆವರಿದ ನೀರು ನೆಲಕ್ಕೆ ಇಳಿದು ಎಕ್ಸ್‌ಟೆನ್ಶನ್ ಬೋರ್ಡಿನ ಕೆಳಗೆ ನಿಂತಿತ್ತು. ಬೆಳಿಗ್ಗೆ ನೆಲ ಒರೆಸಲು ಕೈ ಹಾಕಿದಾಗ ಜುಮ್ಮೆಂದು ಶಾಕ್ ಹೊಡೆಯಿತು. ಅತ್ತೆಯ ಕಾಲು ತಾಗಿದ್ದರೆ ಏನಾಗುತ್ತಿತ್ತು ಎಂದು ನೆನೆದರೆ ಈಗಲೂ ಮೈ ನಡುಗುತ್ತದೆ. ಐಸು, ನೀರು ಇರುವ ಕಡೆ 230 ವೋಲ್ಟಿನ ಫ್ಯಾನು ಬೇಡವೇ ಬೇಡ. ಅವತ್ತೇ ಅದನ್ನು ತೆಗೆದು ಹನ್ನೆರಡು ವೋಲ್ಟಿನ ಚಿಕ್ಕ ಡಿಸಿ ಫ್ಯಾನು ತಂದೆ. ಅಡಾಪ್ಟರನ್ನು ಗೋಡೆಯ ಸ್ವಿಚ್ ಬೋರ್ಡಿಗೇ ಹಾಕುತ್ತೇನೆ, ನೆಲದ ಮೇಲೆ ಯಾವ ಬೋರ್ಡೂ ಇರುವುದಿಲ್ಲ. ಪೆಟ್ಟಿಗೆಯನ್ನು ಒಂದು ಅಗಲ ಪ್ಲಾಸ್ಟಿಕ್ ಟಬ್ಬಿನೊಳಗೆ ಇಡುತ್ತೇನೆ, ಬೆವರಿದ ನೀರು ಅದರಲ್ಲೇ ನಿಲ್ಲುತ್ತದೆ.

ಕರೆಂಟು ಹೋದಾಗಲೂ ಇದೇ ಅನುಕೂಲವಾಯಿತು. ಹಳೆಯ ಸ್ಕೂಟರಿನ ಬ್ಯಾಟರಿಗೆ ಸಿಕ್ಕಿಸಿದರೆ ಈ ಫ್ಯಾನು ಸುಮಾರು ಹೊತ್ತು ಓಡುತ್ತದೆ. ಮೇ ತಿಂಗಳಲ್ಲಿ ಗುಡುಗು ಮಳೆ ಬಂದು ರಾತ್ರಿಯೆಲ್ಲ ಕರೆಂಟಿಲ್ಲದ ದಿನಗಳಲ್ಲಿ ಇಡೀ ಮನೆಯಲ್ಲಿ ಗಾಳಿ ಇದ್ದದ್ದು ಅತ್ತೆಯ ಮಂಚದ ಬಳಿ ಮಾತ್ರ.

ಈಗ ಅಳತೆಗೆ ಬರುತ್ತೇನೆ. ನಾನು ಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ, ಅಳೆಯದೆ ಸಮಾಧಾನ ಆಗುವುದಿಲ್ಲ. ತೇವಾಂಶವನ್ನೂ ತೋರಿಸುವ ಚಿಕ್ಕ ಡಿಜಿಟಲ್ ಥರ್ಮಾಮೀಟರ್ ಇಟ್ಟುಕೊಂಡು 2024ರಲ್ಲಿ ಹಲವು ರಾತ್ರಿ ಬರೆದಿಟ್ಟೆ. ಒಂದು ರಾತ್ರಿಯದು ಹೀಗಿದೆ. ಹತ್ತು ಗಂಟೆಗೆ ಕೋಣೆಯಲ್ಲಿ 31.5 ಡಿಗ್ರಿ, ತೇವಾಂಶ ನೂರಕ್ಕೆ 78. 8 ಕಿಲೋ ಐಸು ಹಾಕಿ ಅರ್ಧ ತಾಸಾದ ಮೇಲೆ ಎಲ್ಬೋ ಬಾಯಲ್ಲಿ 23, ದಿಂಬಿನ ಹತ್ತಿರ 28.5. ಕೋಣೆಯ ಮೂಲೆಯಲ್ಲಿ 31.5 ಇದ್ದದ್ದು 31 ಆಯಿತು, ಅಷ್ಟೇ. ಹನ್ನೆರಡೂವರೆಗೆ ಐಸು ಮುಗಿದಿತ್ತು.

ಕೋಣೆ ಯಾಕೆ ತಂಪಾಗಲಿಲ್ಲ? ಲೆಕ್ಕ ಹಾಕಿದರೆ ತಿಳಿಯುತ್ತದೆ. ಎಸಿಗೆ ನಾವು ‘ಒಂದು ಟನ್’ ಅನ್ನುತ್ತೇವಲ್ಲ, ಆ ಟನ್ ಬಂದಿದ್ದೇ ಐಸಿನಿಂದ. 2000 ಪೌಂಡ್, ಅಂದರೆ ಸುಮಾರು 907 ಕಿಲೋ ಐಸು 24 ತಾಸಿನಲ್ಲಿ ಕರಗುವಾಗ ಎಷ್ಟು ಬಿಸಿ ಹೀರುತ್ತದೋ, ಅಷ್ಟನ್ನು ಹೊರಹಾಕುವ ಯಂತ್ರ ಒಂದು ಟನ್ನಿನದು. ತಾಸಿಗೆ ಸುಮಾರು 38 ಕಿಲೋ ಐಸು ಆಯಿತು. ನನ್ನ 8 ಕಿಲೋ ಐಸು ಕರಗಿ ಕೊಡುವ ತಂಪು ಆ ಎಸಿಯ 13 ನಿಮಿಷದ ಕೆಲಸಕ್ಕೆ ಸಮ. ಅದಕ್ಕೆ ಒಳ್ಳೆಯ ಎಸಿ ಕಾಲು ಯೂನಿಟ್ ಕರೆಂಟೂ ತಿನ್ನುವುದಿಲ್ಲ. ನಾನು ಆ ಐಸಿಗೆ 40 ರೂಪಾಯಿ ಕೊಟ್ಟಿದ್ದೆ. ‘ಎಸಿ ಬೇಡ, ಇದೇ ಸಾಕು, ಖರ್ಚೇ ಇಲ್ಲ’ ಎಂದು ವಿಡಿಯೋಗಳಲ್ಲಿ ಹೇಳುವುದನ್ನು ನಂಬಬೇಡಿ. ಎಸಿ ಹಾಕಲು ಸಾಧ್ಯವಿದ್ದವರಿಗೆ ದಿನದ ಲೆಕ್ಕದಲ್ಲಿ ಎಸಿಯೇ ಅಗ್ಗ.

ಆ ತಂಪಿನಲ್ಲೂ ಅರ್ಧದಷ್ಟನ್ನು ನಮ್ಮ ಕರಾವಳಿಯ ಗಾಳಿ ತಿಂದುಬಿಡುತ್ತದೆ. ಇದು ಗೊತ್ತಾಗಿದ್ದು ನೀರು ಅಳೆದಾಗ. 8 ಕಿಲೋ ಐಸು ಹಾಕಿದ್ದೆ, ಬೆಳಿಗ್ಗೆ ಲೀಟರ್ ಮಗ್ಗಿನಲ್ಲಿ ಅಳೆದರೆ ಎಂಟೂವರೆ ಲೀಟರ್ ನೀರು! ಮೊದಲು ತೂಕದಲ್ಲೇ ತಪ್ಪಿರಬೇಕು ಅಂದುಕೊಂಡೆ. ಮರುದಿನ ಐಸನ್ನು ಮತ್ತೆ ತೂಗಿ ಹಾಕಿದೆ. ಮತ್ತೆ ಅಷ್ಟೇ ಜಾಸ್ತಿ. ಆ ಅರ್ಧ ಲೀಟರ್ ಬಂದದ್ದು ಕೋಣೆಯ ಗಾಳಿಯಿಂದ. ತಣ್ಣನೆಯ ಚೊಂಬಿನ ಮೇಲೆ ಹನಿ ಕೂಡುವ ಹಾಗೆ, ಗಾಳಿಯ ತೇವ ಐಸಿನ ಮೇಲೆ ನೀರಾಗಿ ಇಳಿದಿದೆ. ಆವಿ ನೀರಾಗುವಾಗ ಬಿಸಿ ಬಿಡುತ್ತದೆ, ಆ ಬಿಸಿಯನ್ನು ನುಂಗುವುದರಲ್ಲೇ ಐಸು ಬೇಗ ಕರಗುತ್ತದೆ. ಥರ್ಮಾಮೀಟರಿನಲ್ಲಿ ತಂಪು ಕಡಿಮೆ ಕಾಣಲು ಇದೇ ಕಾರಣ. ಆದರೆ ಮೈಗೆ ಹಿತ ಅನಿಸುವುದಕ್ಕೂ ಇದೇ ಕಾರಣ. ಮುಖಕ್ಕೆ ಬರುವ ಗಾಳಿಯಲ್ಲಿ ತೇವ ಸ್ವಲ್ಪ ಕಡಿಮೆ ಆಗಿರುತ್ತದೆ, ಬೆವರು ಆರುತ್ತದೆ.

ನೀರಿನ ಕೂಲರಿನಲ್ಲಿ ಆಗುವುದು ಇದರ ತಿರುಗುಮುರುಗು. ಶಿರಸಿಯ ಅಕ್ಕನ ಮನೆಯಲ್ಲಿ ಅಂಥದೊಂದಿದೆ. ಘಟ್ಟದ ಮೇಲೆ ಮಾರ್ಚ್ ಮಧ್ಯಾಹ್ನದ ಒಣ ಗಾಳಿಯಲ್ಲಿ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. “ನೀನೇ ಇಟ್ಕೊಂಡು ನೋಡು” ಎಂದು ಒಂದು ವಾರಕ್ಕೆ ಕೊಟ್ಟಳು. ದೇವಿಮನೆ ಘಟ್ಟ ಇಳಿಸಿ ತಂದೆವು. ಎರಡೇ ದಿನಕ್ಕೆ ಹಾಸಿಗೆ ತೇವ, ತಿದ್ದಲು ತಂದ ಉತ್ತರಪತ್ರಿಕೆಗಳು ಮೆತ್ತಗೆ. ಅಕ್ಕನೇ ಮಾಡಿ ಕೊಟ್ಟ ಹಲಸಿನ ಹಪ್ಪಳ ಬಗ್ಗಿಸಿದರೆ ಮುರಿಯದಷ್ಟು ಮೆದುವಾಗಿತ್ತು. ಅತ್ತೆ ಇನ್ನೂ ಜಾಸ್ತಿ ಬೆವರಿದರು. ಆ ಕೂಲರು ನೀರನ್ನು ಆವಿ ಮಾಡಿ ತಂಪು ಕೊಡುತ್ತದೆ. ನಮ್ಮ ಗಾಳಿಯಲ್ಲಿ ಇನ್ನಷ್ಟು ಆವಿಗೆ ಜಾಗವೆಲ್ಲಿದೆ? ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ ಕಡೆಯವರು ಅಂಥ ಕೂಲರಿಗೆ ದುಡ್ಡು ಹಾಕುವ ಮುಂಚೆ ಒಂದು ವಾರ ಯಾರದ್ದಾದರೂ ತಂದು ನೋಡಿ. ಐಸಿನ ಪೆಟ್ಟಿಗೆಯೂ ಐಸು ಮುಗಿದು ನೀರು ಬೆಚ್ಚಗಾದ ಮೇಲೆ ಹಾಗೇ ಆಗುತ್ತದೆ. ಅದಕ್ಕೆ ಐಸು ಮುಗಿದ ಮೇಲೆ ನೀರು ಬಿಟ್ಟುಬಿಡಬೇಕು. ತಳದಲ್ಲಿ ಚಿಕ್ಕ ನಲ್ಲಿ ಕೂರಿಸಿದ್ದು ಅದಕ್ಕೇ.

ಐಸು ಎಲ್ಲಿಂದ? ಮೊದಲು ಫ್ರಿಜ್ಜಿನಲ್ಲೇ ಮಾಡುತ್ತಿದ್ದೆ. ಎರಡು ಲೀಟರಿನ ಬಾಟಲಿಗಳಲ್ಲಿ ಮೇಲೆ ನಾಲ್ಕು ಬೆರಳು ಬಿಟ್ಟು ನೀರು ತುಂಬಿ ಇಡುವುದು. ಪೂರ್ತಿ ತುಂಬಿದರೆ ನೀರು ಹೆಪ್ಪುಗಟ್ಟುವಾಗ ಉಬ್ಬಿ ಬಾಟಲಿ ಒಡೆಯುತ್ತದೆ. ಬಾಟಲಿ ಐಸಿನಲ್ಲಿ ರಗಳೆ ಕಡಿಮೆ, ಕರಗಿದ ನೀರು ಒಳಗೇ ಇರುತ್ತದೆ. ಆದರೆ ಫ್ರಿಜ್ಜು ನೀರಿನಿಂದ ತೆಗೆದ ಬಿಸಿಯನ್ನೂ ತನ್ನ ಕಂಪ್ರೆಸರಿನ ಬಿಸಿಯನ್ನೂ ಸೇರಿಸಿ ಮನೆಯೊಳಗೇ ಬಿಡುತ್ತದೆ. ನಮ್ಮ ಫ್ರಿಜ್ಜು ಅತ್ತೆಯ ಕೋಣೆಯ ಬಾಗಿಲ ಪಕ್ಕದಲ್ಲೇ ಇತ್ತು. ಹಗಲೆಲ್ಲ ಅದು ಕೋಣೆಯನ್ನು ಕಾಯಿಸುವುದು, ರಾತ್ರಿ ನಾನು ಅದೇ ಐಸಿನಿಂದ ಆರಿಸುವುದು. ಫ್ರಿಜ್ಜನ್ನು ಹಿಂದಿನ ಜಗಲಿಗೆ ಸರಿಸಿದ ಮೇಲೆ ವ್ಯತ್ಯಾಸ ಕಂಡಿತು. ನಿಮ್ಮ ಮನೆಯಲ್ಲಿ ಫ್ರಿಜ್ಜೂ ಮಲಗುವ ಜಾಗವೂ ಒಂದೇ ಕೋಣೆಯಲ್ಲಿದ್ದರೆ ಬಾಟಲಿ ಐಸು ಮಾಡಬೇಡಿ, ಹೊರಗಿನಿಂದ ತನ್ನಿ.

ಹೊರಗಿನ ಐಸು ಅಂದರೆ ಇಲ್ಲಿ ಮೀನಿನ ಐಸೇ. ಬೈತಖೋಲ ಬಂದರಿನ ಕಡೆ ದೋಣಿಗಳಿಗೆ ಕೊಡುವಂಥದ್ದು. ನನಗೆ ತಂದುಕೊಡುವವರು ಮೊದಲ ದಿನವೇ ಎಚ್ಚರಿಸಿದರು: “ಅಕ್ಕೋರೆ, ಇದು ಮೀನಿನ ಬರ್ಫ, ಪಾನಕಕ್ಕೆಲ್ಲ ಹಾಕೂಕೆ ಹೋಗಬೇಡಿ.” ಮನೆಯಲ್ಲಿ ಮಕ್ಕಳಿದ್ದರೆ ಈ ಮಾತು ನೆನಪಿರಲಿ. ದೋಣಿಗಳಿಗೆ ಜಾಸ್ತಿ ಬೇಕಾದ ದಿನ ಚಿಲ್ಲರೆಗೆ ಐಸು ಸಿಗುವುದಿಲ್ಲ, ಆ ದಿನ ಬಾಟಲಿಯೇ ಗತಿ. ಜೂನ್ 1ರಿಂದ ಎರಡು ತಿಂಗಳು ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ ಇರುತ್ತದೆ, ಆಗ ಐಸಿನ ಓಡಾಟವೂ ಕಡಿಮೆ. ಆದರೆ ಅಷ್ಟರಲ್ಲಿ ಮಳೆಗಾಲ ಶುರುವಾಗಿರುತ್ತದೆ. ಐಸು ತಂದರೆ ಪುಡಿ ಮಾಡಬೇಡಿ, ಬೇಗ ಕರಗುತ್ತದೆ. ತೆಂಗಿನಕಾಯಿ ಗಾತ್ರದ ತುಂಡು ಸರಿಯಾದ ಅಳತೆ. ತಳದಲ್ಲಿ ಒಂದು ಪ್ಲಾಸ್ಟಿಕ್ ಬುಟ್ಟಿ ಬೋರಲು ಹಾಕಿ ಅದರ ಮೇಲೆ ಇಟ್ಟರೆ ಐಸು ನೀರಿನಲ್ಲಿ ಮುಳುಗದೆ ಗಾಳಿಗೆ ಸಿಗುತ್ತದೆ.

ಐಸಿಗೆ ಉಪ್ಪು ಹಾಕಿ ಎಂದು ಬಹಳ ಜನ ಹೇಳಿದರು. ಸಾಣಿಕಟ್ಟಾದ ಹರಳುಪ್ಪು ಮನೆಯಲ್ಲಿ ಇದ್ದೇ ಇತ್ತು, ಹಾಕಿ ನೋಡಿದೆ. ಗಾಳಿ ಇನ್ನೂ ತಣ್ಣಗಾಯಿತು, ನಿಜ. ಆದರೆ ಐಸು ಒಂದೂವರೆ ತಾಸಿಗೇ ಮುಗಿಯಿತು. ಉಪ್ಪು ಐಸನ್ನು ಬೇಗ ಕರಗಿಸುತ್ತದೆ, ಒಟ್ಟು ತಂಪನ್ನು ಹೆಚ್ಚಿಸುವುದಿಲ್ಲ. ಹದಿನೈದು ದಿನದಲ್ಲಿ ಫ್ಯಾನಿನ ಸ್ಕ್ರೂಗಳೆಲ್ಲ ತುಕ್ಕು ಹಿಡಿದವು. ನಾನು ಉಪ್ಪು ಬಿಟ್ಟೆ. ಡ್ರೈ ಐಸ್ ಬಗ್ಗೆಯೂ ಯಾರೋ ಹೇಳಿದ್ದರು. ಅದನ್ನು ಮನೆಯೊಳಗೆ ತರಲೇಬೇಡಿ. ಅದು ಕರಗಿ ನೀರಾಗುವುದಿಲ್ಲ, ಇಂಗಾಲದ ಡೈಆಕ್ಸೈಡ್ ಆಗಿ ಕೋಣೆ ತುಂಬುತ್ತದೆ. ಬಾಗಿಲು ಮುಚ್ಚಿ ಮಲಗಿದವರ ಉಸಿರಿಗೇ ಅಪಾಯ.

ತೊಳೆಯುವ ಕೆಲಸ ದಿನವೂ ಇದೆ. ಬೆಳಿಗ್ಗೆ ಒಳಗೆ ಉಳಿದ ನೀರು ಚೆಲ್ಲಿ, ಒಣ ಬಟ್ಟೆಯಲ್ಲಿ ಒರೆಸಿ, ಮುಚ್ಚಳ ತೆಗೆದು ನೆರಳಲ್ಲಿ ಇಡುತ್ತೇನೆ. ಎರಡು ದಿನ ಬಿಟ್ಟರೆ ಒಳಗೆ ಲೋಳೆ ಕಟ್ಟುತ್ತದೆ, ಮೂಲೆಯಲ್ಲಿ ಕಪ್ಪು ಬೂಷ್ಟು. ಪೆಟ್ಟಿಗೆ, ಟಬ್ಬು ಎರಡರಲ್ಲೂ ನೀರು ನಿಲ್ಲಿಸಬೇಡಿ, ಡೆಂಗಿ ಸೊಳ್ಳೆಗೆ ಅಷ್ಟು ನೀರು ಸಾಕು. ಮೊದಲ ಪೆಟ್ಟಿಗೆಯನ್ನು ಮಳೆಗಾಲದಲ್ಲಿ ಅಟ್ಟಕ್ಕೆ ಹಾಕಿದ್ದೆ. ತೆಗೆದಾಗ ಇರುವೆ ಕೊರೆದು ಗೂಡು ಮಾಡಿದ್ದವು. 2025ರಲ್ಲಿ ಥರ್ಮೋಕೋಲ್ ಬಿಟ್ಟು ಗಟ್ಟಿ ಪ್ಲಾಸ್ಟಿಕ್ಕಿನ ಐಸ್‌ಬಾಕ್ಸ್ ತಂದು ಅದರ ಮುಚ್ಚಳ ಕೊರೆಸಿದೆ. ದುಡ್ಡು ಜಾಸ್ತಿ ಆಯಿತು, ಆದರೆ ಬಾಗುವುದಿಲ್ಲ, ತೊಳೆಯುವುದೂ ಸುಲಭ.

ಒಂದು ಮಾತು ಪೆಟ್ಟಿಗೆಗೆ ಸಂಬಂಧಪಟ್ಟದ್ದಲ್ಲ, ಆದರೆ ಹೇಳಲೇಬೇಕು. ಅದೇ ವರ್ಷ ಅಕ್ಕನ ಮನೆಯಿಂದ ಅಡಿಕೆ ಸೋಗೆ ತರಿಸಿ, ಮಾಲೀಕರನ್ನು ಕೇಳಿ, ತಾರಸಿಯ ಮೇಲೆ ಸ್ಲ್ಯಾಬಿಗೆ ಎರಡಡಿ ಎತ್ತರದಲ್ಲಿ ಚಪ್ಪರ ಹಾಕಿಸಿದೆ. ರಾತ್ರಿ ಹತ್ತಕ್ಕೆ 31.5 ಇರುತ್ತಿದ್ದ ಕೋಣೆ 30ಕ್ಕೆ ಇಳಿಯಿತು. ಐಸು ಎರಡೂವರೆ ತಾಸಿನ ಬದಲು ಮೂರು ತಾಸು ಬಂತು. ಮೊದಲ ವರ್ಷವೇ ಇದನ್ನು ಮಾಡಿದ್ದರೆ ಐಸಿನ ಎಷ್ಟೋ ಖರ್ಚು ಉಳಿಯುತ್ತಿತ್ತು. ಪೆಟ್ಟಿಗೆ ಮಾಡಲು ಹೊರಟವರು ಮೊದಲು ತಾರಸಿಗೆ ನೆರಳು ಮಾಡಿಕೊಳ್ಳಿ.

ಈ ಪೆಟ್ಟಿಗೆಗೆ ಐದಕ್ಕೆ ಮೂರು ಅಂಕ ಕೊಡುತ್ತೇನೆ. ಹಾಸಿಗೆ ಹಿಡಿದವರು, ವಯಸ್ಸಾದವರು, ಬಾಣಂತಿಯರ ಮನೆಯಲ್ಲಿ ಎಸಿಗೆ ದಾರಿಯಿಲ್ಲದಿದ್ದರೆ ಮಾಡಿ. ಬಾಣಂತಿ, ಮಗುವಿನ ಮೇಲೆ ನೇರ ಗಾಳಿ ಬೇಡ, ಎಲ್ಬೋವನ್ನು ಕಾಲ ಕಡೆಗೆ ತಿರುಗಿಸಿ. ನಾಲ್ಕು ಜನ ಮಲಗುವ ಹಾಲಿಗೆ ಇದು ಆಗುವುದಿಲ್ಲ.

ಈಗ ನಮ್ಮಲ್ಲಿ ಒಂದು ಕ್ರಮ ಆಗಿದೆ. ಒಂಬತ್ತೂವರೆಗೆ ಅತ್ತೆಗೆ ಮುರುಗಲ ಹಣ್ಣಿನ ಪಾನಕ, ಹತ್ತಕ್ಕೆ ಐಸು. ಎಲ್ಬೋವನ್ನು ದಿಂಬಿನ ಕಡೆ ತಿರುಗಿಸಿದಾಗ ಅವರು ಕಣ್ಣು ಮುಚ್ಚಿ “ಈಗ ಜೀವ ತಂಪಾಯ್ತು ತಂಗಿ” ಅನ್ನುತ್ತಾರೆ. ಹನ್ನೆರಡೂವರೆ ಒಂದಕ್ಕೆ ನಾನು ಎದ್ದು ಪೆಟ್ಟಿಗೆಯ ಫ್ಯಾನ್ ಆರಿಸಿ ನೀರು ಬಿಡುತ್ತೇನೆ. ಅಷ್ಟರಲ್ಲಿ ಸ್ಲ್ಯಾಬು ಆರಿರುತ್ತದೆ, ಮೇಲಿನ ಫ್ಯಾನೊಂದೇ ಸಾಕಾಗುತ್ತದೆ. ಅವರಿಗೆ ಎಚ್ಚರವಾಗುವುದು ಬೆಳಿಗ್ಗೆ ಐದಕ್ಕೆ.